ಒಮ್ಮೆ ಒಳಗೆ ಹೋಗಿ ಬಂದದ್ದು

ಮನುಷ್ಯ ಉಣ್ಣುವುದನ್ನು ಬಿಡುವುದಿಲ್ಲ, ಉಂಡದ್ದೆಲ್ಲ ಹೊಟ್ಟೆಯಲ್ಲಿ ನಿಲ್ಲುವುದೂ ಇಲ್ಲ. ಹಾಗಾಗಿ ನನ್ನ ಫೋನು ಸುಮ್ಮನಿರುವುದಿಲ್ಲ.

ನನ್ನ ಮನೆ ಬೈಲಹೊಂಗಲದಲ್ಲಿ. ಮೊದಲು ಒಂದು ಸಣ್ಣ ಹೆರಿಗೆ ದವಾಖಾನೆಯಲ್ಲಿ ಆಯಾ ಆಗಿದ್ದೆ. ಅದು ಮುಚ್ಚಿದ ಮೇಲೆ ನೀರು ಹೀರುವ ಮಷೀನು ಒಂದನ್ನು ತೆಗೆದುಕೊಂಡೆ. ಸ್ಕೂಟಿಯ ಮೇಲೆ ಅದನ್ನು ಇಟ್ಟುಕೊಂಡು ಮನೆಮನೆಗೆ ಹೋಗಿ ಸೋಫಾ, ಗಾದಿ, ಕಾರ್ಪೆಟ್ ತೊಳೆಯುತ್ತೇನೆ. ಇತ್ತ ಕಿತ್ತೂರು, ಅತ್ತ ಸವದತ್ತಿ, ಕೆಲವೊಮ್ಮೆ ರಾಮದುರ್ಗದ ತನಕ. ಬರಿ ಧೂಳು ಕೂತಿದ್ದರೆ ಯಾರೂ ಅವಸರದಿಂದ ಕರೆಯುವುದಿಲ್ಲ. "ಈಗಿಂದೀಗ ಬರ್ರಿ" ಅಂದರೆ ಅದು ವಾಂತಿಯೇ.

ನನಗೆ ಹೇಸಿಗೆ ಎನ್ನುವುದೇ ಇಲ್ಲ. ಅದನ್ನು ದವಾಖಾನೆ ಮೊದಲ ತಿಂಗಳಲ್ಲೇ ಬಿಡಿಸಿತು. ಆದರೆ ಹೊಟ್ಟೆ ತೊಳಸುವ ಸಂಕಟ ಅರ್ಧ ತಾಸಿನಲ್ಲಿ ಇಳಿದುಹೋಗುತ್ತದೆ, ನಾಚಿಕೆಯ ಸಂಕಟ ವಾರಗಟ್ಟಲೆ ಉಳಿಯುತ್ತದೆ. ಅದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅದಕ್ಕೇ ನಾನು ಯಾರ ಮನೆಯಲ್ಲೂ ಮುಖ ಸಿಂಡರಿಸಿದವಳಲ್ಲ, ನಕ್ಕವಳೂ ಅಲ್ಲ. ನಗುವುದೇನಿದ್ದರೂ ಸ್ಕೂಟಿ ಆ ಓಣಿ ದಾಟಿದ ಮೇಲೆ.

ಪಾಯಸ

ನಮ್ಮೂರಲ್ಲೇ ಒಬ್ಬ ನಿವೃತ್ತ ಹೆಡ್ ಮಾಸ್ತರರು. ಅವರ ಎದುರು ಈಗಲೂ ದೊಡ್ಡ ದೊಡ್ಡವರು ಸೈಕಲ್ಲಿನಿಂದ ಇಳಿದು ನಡೆಯುತ್ತಾರೆ. ಒಂದು ಮುಂಜಾನೆ ಅವರದೇ ಫೋನು.

"ಕಾರ್ಪೆಟ್ ಮ್ಯಾಲೆ ಪಾಯಸ ಚೆಲ್ಲೇತಿ. ಬಂದು ತಗದು ಹೋಗ್ರಿ."

ಹೋದೆ. ಮಾಸ್ತರರು ಶಾಲು ಹೊದ್ದು ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಬಾಗಿಲಲ್ಲಿ ನಿಂತಾಗಲೇ ಮೂಗಿಗೆ ವಿಷಯ ತಿಳಿಯಿತು. ಪಾಯಸಕ್ಕೆ ಅಂಥ ಹುಳಿ ವಾಸನೆ ಇರುವುದಿಲ್ಲ. ಆದರೂ ಕೇಳುವುದು ನನ್ನ ಕೆಲಸ. ಯಾಕಂದರೆ ಬರಿ ಹಾಲು ಸಕ್ಕರೆ ಇದ್ದರೆ ತೊಳೆಯುವುದು ಒಂದು ರೀತಿ, ಹೊಟ್ಟೆಯ ಹುಳಿ ಸೇರಿದ್ದರೆ ಇನ್ನೊಂದು ರೀತಿ.

"ಸರ, ಇದು ಪಾಯಸ ಅಷ್ಟ ಏನ್ರಿ?"

"ಶಾವಿಗಿ ಪಾಯಸ."

"ಮತ್ತೇನೂ ಕೂಡಿಲ್ಲರಿ?"

"ಮೂವತ್ತೈದು ವರ್ಷ ಮಕ್ಕಳಿಗೆ ಖರೆ ಮಾತಾಡ್ರಿ ಅಂತ ಹೇಳಿಕೊಟ್ಟಾವ ನಾನು."

ಮೊಣಕಾಲೂರಿ ಕುಳಿತು ರಟ್ಟಿನ ತುಂಡಿನಿಂದ ಕೆರೆಯತೊಡಗಿದೆ. ಅಡುಗೆಮನೆಯಲ್ಲಿ ಅವರ ಹೆಂಡತಿ ಪಾತ್ರೆಯ ಸದ್ದು ನಿಲ್ಲಿಸಿ ಕೇಳುತ್ತಿದ್ದುದು ಗೊತ್ತಾಗುತ್ತಿತ್ತು. ಮಾಸ್ತರರು ಎರಡು ಸಲ ಕೆಮ್ಮಿದರು. ಶಾಲು ಸರಿಮಾಡಿಕೊಂಡರು. ಕೊನೆಗೆ ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ ಹೇಳಿದರು:

"ಪಾಯಸನ ಹೌದವಾ. ಆದ್ರ ಒಮ್ಮೆ ಒಳಗ ಹೋಗಿ ಬಂದೇತಿ."

ಬೆಕ್ಕಿನ ಮೇಲೆ ಬಂದ ಅಪವಾದ

ರಾಮದುರ್ಗದ ಒಂದು ಮನೆಗೆ ಒಂದೇ ತಿಂಗಳಲ್ಲಿ ಮೂರು ಸಲ ಹೋದೆ. ಸೊಸೆ ಸಾಲಿಯಲ್ಲಿ ಟೀಚರು, ಅತ್ತೆ ಮನೆಯಲ್ಲಿ. ಮೂರು ಸಲವೂ ಒಂದೇ ದೂರು: ಬೆಕ್ಕು ಪಡಸಾಲೆಯ ಕಾರ್ಪೆಟ್ಟಿನ ಮೇಲೆ ವಾಂತಿ ಮಾಡುತ್ತಿದೆ.

"ಇನ್ನ ಸಾಕಾತ್ರಿ ಅಕ್ಕಾರ," ಅಂದಳು ಸೊಸೆ. "ಈ ಐತವಾರ ಚೀಲದಾಗ ಹಾಕ್ಕೊಂಡು ಹೋಗಿ ತೊರಗಲ್ ಕ್ವಾಟಿ ಕಡೆ ಬಿಟ್ಟು ಬರಾವ್ರು ನಮ್ಮನಿಯವ್ರು."

ಬೆಕ್ಕು ಕಿಟಕಿಯಲ್ಲಿ ಕುಳಿತು ನಮ್ಮನ್ನೇ ನೋಡುತ್ತಿತ್ತು. ಅತ್ತೆ ಮಂಚದ ಮೇಲೆ ಕುಳಿತು ಬೆಕ್ಕಿನ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ.

ಸೊಸೆ ಚಹಾ ಮಾಡಲು ಒಳಗೆ ಹೋದಳು. ನಾನು ಕೆರೆಯುತ್ತಿದ್ದಾಗ ರಟ್ಟಿಗೆ ಏನೋ ಗಟ್ಟಿಯಾದದ್ದು ತಾಗಿತು. ನೋಡಿದರೆ ಅಡಕೆಯ ಚೂರು. ಒಂದಲ್ಲ, ನಾಲ್ಕೈದು. ಮಂಚದ ಮೂಲೆಯಲ್ಲಿ ಅತ್ತೆಯ ಎಲೆಯಡಕೆಯ ಚೀಲ.

ದನಿ ಇಳಿಸಿ ಕೇಳಿದೆ, "ಅಜ್ಜಿ, ನಿಮ್ಮ ಬೆಕ್ಕು ಅಡಿಕಿ ತಿಂತೈತೇನ್ರಿ?"

"ಈಗಿನ ಬೆಕ್ಕು ಏನ್ ತಿಂತಾವೋ ಯಾರಿಗ್ ಗೊತ್ತವಾ," ಅಂದಳು ಅಜ್ಜಿ.

ಆಮೇಲೆ ನನ್ನ ಕೈ ಹಿಡಿದಳು. ಎರಡು ತಿಂಗಳಿನಿಂದ ಬಲಗಡೆ ಪಕ್ಕೆಲುಬಿನ ಕೆಳಗೆ ಚುಚ್ಚುತ್ತದಂತೆ, ಉಂಡದ್ದು ದಕ್ಕುವುದಿಲ್ಲವಂತೆ. "ನಮ್ಮ ಸೊಸಿಗೆ ಹೇಳಬ್ಯಾಡ. ಪರೀಕ್ಷಾ ನಡದಾವ ಸಾಲ್ಯಾಗ. ರಜಾ ಹಾಕಿ ನನ್ನ ಹೊತಗೊಂಡು ತಿರಗತಾಳ ಆಕಿ. ನನ್ನ ಆಣಿ ಐತಿ."

ಹೇಳಬ್ಯಾಡ ಎನ್ನುವ ಮಾತು ನನಗೆ ಹೊಸದಲ್ಲ. ದವಾಖಾನೆಯಲ್ಲಿದ್ದಾಗ ಒಬ್ಬಾಕೆ ನೋವನ್ನು ಯಾರಿಗೂ ಹೇಳಬೇಡ ಅಂದಿದ್ದಳು. ನಾನು ಬೆಳಗಿನ ತನಕ ಹೇಳಲಿಲ್ಲ. ಆ ಬೆಳಗು ನನಗೆ ಇನ್ನೂ ಮರೆತಿಲ್ಲ. ಅದಕ್ಕೇ ಅಜ್ಜಿಯ ಆಣೆಯನ್ನು ಅಲ್ಲೇ ಬಿಟ್ಟು, ಅಡುಗೆಮನೆಗೆ ಹೋಗಿ ಸೊಸೆಗೆ ಅಡಕೆಯ ಚೂರು ತೋರಿಸಿದೆ.

ಅವಳು ಗೋಡೆಗೆ ಒರಗಿ ಕುಳಿತುಬಿಟ್ಟಳು. "ಅಯ್ಯ ಶಿವನ, ನಿನ್ನಿ ಆ ಬೆಕ್ಕಿಗೆ ಕಸಬರಗಿಲೆ ಬಡದೇನ್ರಿ ನಾನು!" ಎಂದು ಅಳತೊಡಗಿದಳು. ಅವತ್ತೇ ಮಧ್ಯಾಹ್ನ ಅತ್ತೆಯನ್ನು ಬೆಳಗಾವಿಗೆ ಕರೆದುಕೊಂಡು ಹೋದರು. ಪಿತ್ತಕೋಶದಲ್ಲಿ ಹರಳು. ಇನ್ನು ಸ್ವಲ್ಪ ದಿನ ತಡವಾಗಿದ್ದರೆ ಕಠಿಣವಿತ್ತು ಅಂದರಂತೆ ಡಾಕ್ಟರು. ಆಪರೇಷನ್ ಆಯಿತು, ಅಜ್ಜಿ ಮನೆಗೆ ಬಂದಳು.

ಸ್ವಲ್ಪ ದಿನದ ಮೇಲೆ ಅಜ್ಜಿಯದೇ ಫೋನು. "ಹೇಳಬ್ಯಾಡ ಅಂದಿದ್ನೆಲ್ಲ ನಿನಗ?"

"ತಪ್ಪಾತ್ರಿ ಅಜ್ಜಿ."

"ಈಗ ಬಂದು ನೋಡ. ನನಗ ಎಣ್ಣಿ ಇಲ್ಲ, ತುಪ್ಪ ಇಲ್ಲ, ಗಂಜಿ ಅಷ್ಟ. ಬೆಕ್ಕಿಗೆ ಬಡದೇನಂತ ನಮ್ಮ ಸೊಸಿ ದಿನಾ ಅದಕ್ಕ ಹಾಲು ಹಾಕತಾಳ, ಕೆನಿ ಹಾಕತಾಳ. ಜಡ್ಡು ಬಂದದ್ದು ನನಗ, ಬಾಣಂತನ ಬೆಕ್ಕಿಗೆ!"

ಕನ್ಯಾ ನೋಡಲು ಬಂದವರು

ಆ ಹುಡುಗಿಯ ಮದುವೆ ಚೆನ್ನಾಗಿಯೇ ಆಯಿತು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕೇಳುವವರಿಗೆ ಜೀವ ತಡೆಯುವುದಿಲ್ಲ.

ಸವದತ್ತಿಯ ಮನೆ. ಹುಡುಗಿ ಬಟ್ಟೆ ಹೊಲಿಯುತ್ತಿದ್ದಳು, ಮೂರು ವರ ಬಂದು ಅವಲಕ್ಕಿ ತಿಂದು "ಹೇಳಿ ಕಳಸ್ತೇವಿ" ಅಂತ ಹೋಗಿದ್ದರು. ನಾಲ್ಕನೆಯವರಿಗೆ ಮನೆ ಚಂದ ಕಾಣಲಿ ಎಂದು ಅವ್ವ ಪಕ್ಕದ ಮನೆಯಿಂದ ಕೆಂಪು ಕಾರ್ಪೆಟ್ ಕೇಳಿ ತಂದು ಹಾಸಿದ್ದಳು. ವರ ಬಸ್ಸಿನಲ್ಲಿ ಬಂದ. ಒಲ್ಲೆ ಅಂದರೂ ಬಿಡದೆ ಎರಡು ಪ್ಲೇಟ್ ಶಿರಾ ತಿನ್ನಿಸಿದರು. ಹುಡುಗಿ ಚಹಾದ ತಾಟು ಹಿಡಿದು ಹೊರಗೆ ಬಂದಳು. ಹುಡುಗ ತಲೆ ಎತ್ತಿದ. ಎತ್ತಿದವನೇ ಆ ಕೆಂಪು ಕಾರ್ಪೆಟ್ಟಿನ ಮೇಲೆ ಎಲ್ಲವನ್ನೂ ಕಾರಿಕೊಂಡ.

ಅವನ ಸೋದರಮಾವ "ಶಕುನ ನೆಟ್ಟಗಿಲ್ಲ" ಅಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೋದ.

ಮರುದಿನ ಮುಂಜಾನೆ ನಾನು ಹೋದಾಗ ಅವ್ವ ಅಳುತ್ತಿದ್ದಳು. "ಕಾರ್ಪೆಟ್ ಹಾಳಾದ್ರ ಆಗಲಿರಿ. ನಮ್ಮ ಹುಡುಗಿ ಮಾರಿ ನೋಡಿ ವಾಂತಿ ಮಾಡ್ಕೊಂಡ ಅಂತಾರ ಮಂದಿ. ಇನ್ನ ಯಾರ್ ಬರ್ತಾರ ಈ ಮನಿಗೆ?" ಹುಡುಗಿ ಒಳಗೆ ಹೊಲಿಗೆ ಮಷೀನು ತುಳಿಯುತ್ತಿದ್ದಳು. ನಿಲ್ಲಿಸದೆ ತುಳಿಯುತ್ತಿದ್ದಳು.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ನಿಂತರು. ವರ! ಒಬ್ಬನೇ ಬಂದಿದ್ದ. ಒಂದು ಕೈಯಲ್ಲಿ ಫಿನೈಲ್ ಬಾಟಲಿ, ಇನ್ನೊಂದರಲ್ಲಿ ಬ್ರಶ್.

"ಅವ್ವಾರ, ಮಾಡಿದಾವ ನಾನು. ನಾನ ತೊಳೀಬೇಕು," ಅಂದ. ನನ್ನನ್ನು ನೋಡಿ ಗಾಬರಿಯಾದ. ಆದರೂ ನಿಂತ. "ಬಸ್ಸಿನ್ಯಾಗಿಂದನ ಹೊಟ್ಟಿ ತೊಳಸಾಕ ಹತ್ತಿತ್ತರಿ. ಹೇಳಾಕ ನಾಚಿಕಿ ಆತು. ನಿಮ್ಮ ಹುಡುಗಿ ಮಾರಿ ನೋಡಿ ಅಲ್ಲರಿ. ದೇವರಾಣಿ, ನಾ ಮಾರಿ ನೋಡೇ ಇಲ್ಲ."

ಮಷೀನಿನ ಸದ್ದು ನಿಂತಿತು. ಹುಡುಗಿ ಹೊರಗೆ ಬಂದು ಕಾರ್ಪೆಟ್ಟಿನ ಆಚೆ ತುದಿಗೆ ನಿಂತಳು. ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ಗಟ್ಟಿ. "ನೋಡಿಲ್ಲಾಂದ್ರ ಈಗ ನೋಡ್ರಿ."

ಹುಡುಗ ತಲೆ ಎತ್ತಿ ನೋಡಿದ. ನಾನು ಉಸಿರು ಹಿಡಿದೆ. ಹುಡುಗಿಯೂ ಉಸಿರು ಹಿಡಿದಳು. ಅವ್ವ ಮಾತ್ರ ಕಾಲಿನಿಂದ ಕಾರ್ಪೆಟ್ಟನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.

ನನ್ನ ಸರದಿ

ಬಡಾಯಿ ಕೊಚ್ಚಿಕೊಳ್ಳಬಾರದು. ನನಗೆ ಏನೂ ಆಗುವುದಿಲ್ಲ ಎಂದು ಹತ್ತು ವರ್ಷ ಹೇಳಿಕೊಂಡು ತಿರುಗಿದೆ. ಕಿತ್ತೂರಿನ ಒಂದು ಮನೆಯಲ್ಲಿ ಅದು ಮುರಿಯಿತು.

ಕೂಸು ಹಾಲು ಕಾರಿತ್ತು, ಅಷ್ಟೇ. ಆದರೆ ಆ ಮನೆಯ ಯಜಮಾನಿ ಬಹಳ ಸ್ವಚ್ಛತೆಯವಳು. ನನಗೆ ವಾಸನೆ ಬರಬಾರದೆಂದು ಎಲ್ಲ ಕಿಟಕಿ ಮುಚ್ಚಿ, ಊದಿನಕಡ್ಡಿಯ ಒಂದು ಕಟ್ಟನ್ನೇ ಹಚ್ಚಿ, ಕರ್ಪೂರ ಉರಿಸಿ, ಮೇಲೆ ಮಲ್ಲಿಗೆ ವಾಸನೆಯ ಸ್ಪ್ರೇ ಹೊಡೆದಿದ್ದಳು. ಕೂಸಿನದನ್ನು ತೆಗೆಯುವ ತನಕ ತಡೆದೆ. ಏಳುವಾಗ ತಲೆ ಗಿರ್ರೆಂದಿತು. ಮುಂಜಾನೆ ತಿಂದ ರೊಟ್ಟಿ ಪಲ್ಯ ಆಗತಾನೆ ತೊಳೆದ ಜಾಗದ ಮೇಲೇ ಬಿತ್ತು.

ಭೂಮಿ ಬಾಯಿಬಿಡಬಾರದೇ ಅನಿಸಿತು. ಮೋರೆಗೆ ಸೆರಗು ಹಿಡಿದುಕೊಂಡು ನಿಂತೆ. ನಾನು ಎಷ್ಟು ಮಂದಿಗೆ "ನಾಚಗೋಬ್ಯಾಡ್ರಿ" ಅಂದಿದ್ದೇನೋ, ಆ ಮಾತು ಎಷ್ಟು ಹಗುರ ಎನ್ನುವುದು ಅವತ್ತು ತಿಳಿಯಿತು. ಆ ಯಜಮಾನಿ ಒಂದು ಲೋಟ ನೀರು ತಂದು ಕೊಟ್ಟು ಬೆನ್ನು ಸವರಿದಳು.

"ಇರಲಿ ತಗೋರಿ ಅಕ್ಕಾರ. ನಮಗೊಬ್ರು ಛಲೋ ಕಾರ್ಪೆಟ್ ತೊಳಿಯಾವ್ರು ಗೊತ್ತದಾರ. ಫೋನ್ ಮಾಡ್ಲೇನು?"

ಉಳಿದ ಕಲೆ

ಬೈಲಹೊಂಗಲದ ಮಾರ್ಕೆಟ್ಟಿನಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ಒಬ್ಬ ಸಾವುಕಾರರು. ಅವರಿಗೆ ಕ್ಯಾನ್ಸರ್ ಬಂತು. ಮೂರು ವಾರಕ್ಕೊಮ್ಮೆ ಬೆಳಗಾವಿಗೆ ಹೋಗಿ ಔಷಧ ಏರಿಸಿಕೊಂಡು ಬರುವುದು, ಬಂದ ಮೇಲೆ ವಾಂತಿ. ಬಚ್ಚಲಿಗೆ ಹೋಗುವಷ್ಟೂ ಪುರುಸೊತ್ತು ಸಿಗುತ್ತಿರಲಿಲ್ಲ. ಪಡಸಾಲೆಯಲ್ಲಿ ಹಾಸಿದ್ದ ಗಾಲೀಚೆಯ ಮೇಲೆಯೇ ಆಗಿಬಿಡುತ್ತಿತ್ತು. ಗಂಡ ಹೆಂಡತಿ ಒಮ್ಮೆ ಕಾಶ್ಮೀರಕ್ಕೆ ಹೋದಾಗ ಕೊಂಡ ಗಾಲೀಚೆ ಅದು. ರೈಲಿನಲ್ಲಿ ಸೀಟು ಸಾಲದೆ ಅದರ ಮೇಲೆಯೇ ಕುಳಿತು ಬಂದಿದ್ದರಂತೆ. "ತಗದು ಇಡೋಣ್ರಿ" ಅಂದರೆ ಸಾವುಕಾರರು ಒಪ್ಪುತ್ತಿರಲಿಲ್ಲ. "ಅದನ್ನ ತಗದ್ರ ನಾ ಜಡ್ಡಿನಾವ ಅಂತ ಪಕ್ಕಾ ಆದಂಗ," ಅನ್ನುತ್ತಿದ್ದರು.

ಹೆಂಡತಿ ಪ್ರತಿ ಸಲ ನನಗೆ ಫೋನ್ ಮಾಡುತ್ತಿದ್ದಳು. ಮೊದಲೆರಡು ಸಲ ಸಾವುಕಾರರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮೂರನೆಯ ಸಲ ಹಾಗೇ ಮಲಗಿಕೊಂಡೇ ಕೇಳಿದರು, "ನಿಮಗ ಹೇಸಿಕಿ ಬರೂದಿಲ್ಲೇನ್ರಿ?"

"ಸಾವುಕಾರ್ರ, ಹುಟ್ಟಿದ ಕೂಸುಗಳ ಮೊದಲನೇ ಕಕ್ಕ ತೊಳದಾಕಿ ನಾನು. ಅದರ ಮುಂದ ನಿಮ್ಮದು ಯಾವ ಲೆಕ್ಕ?"

ಅವರು ನಕ್ಕರು. ಆ ಸದ್ದು ಕೇಳಿ ಹೆಂಡತಿ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಅಲ್ಲಿಂದ ಮುಂದೆ ಅವರು ಈ ಕಡೆ ಮುಖ ಮಾಡಿ ಮಲಗತೊಡಗಿದರು. ನನ್ನ ಕೆಲಸ ನೋಡುತ್ತ ಪಾಠ ಒಪ್ಪಿಸುತ್ತಿದ್ದರು: "ಮೊದಲ ರಟ್ಟಿನಿಂದ ತಗೀಬೇಕು. ತಣ್ಣೀರ ಹಾಕಬೇಕು, ಬಿಸಿನೀರು ಮುಟ್ಟಸಬಾರ್ದು. ತಿಕ್ಕಬಾರ್ದು, ಅರಬಿಲೆ ಒತ್ತಬೇಕು. ಮ್ಯಾಲೆ ಅಡಗಿ ಸೋಡಾ." ದಿನದಿನಕ್ಕೆ ಅವರು ಕರಗುತ್ತಿದ್ದರು. ಅವರ ಜೊತೆಗೆ ಹೆಂಡತಿಯೂ ಕರಗುತ್ತಿದ್ದಳು. ಗಂಡನಿಗೆ ಊಟ ಸೇರದಿದ್ದಾಗ ಅವಳ ಗಂಟಲಲ್ಲಿ ಅರ್ಧ ರೊಟ್ಟಿಯ ಮೇಲೆ ಇಳಿಯುತ್ತಿರಲಿಲ್ಲ.

ಹೀಗೆ ಒಂಬತ್ತು ತಿಂಗಳು. ಒಂದು ದಿನ ಮಧ್ಯಾಹ್ನ ಫೋನು ಬಂತು. ಹೆಂಡತಿಯದಲ್ಲ, ಸಾವುಕಾರರದು. "ಲಗೂನ ಬರ್ರಿ," ಅಂದವರೇ ಇಟ್ಟುಬಿಟ್ಟರು.

ಅವರು ಎಂದೂ ಫೋನ್ ಮಾಡಿದವರಲ್ಲ. ಅವರ ಹೆಂಡತಿಗೆ ಏನಾದರೂ ಆಯಿತೋ ಅಂದುಕೊಂಡು, ಉಣ್ಣುತ್ತಿದ್ದ ತಾಟು ಅಲ್ಲೇ ಬಿಟ್ಟು ಹೊರಟೆ.

ಬಾಗಿಲು ತೆರೆದೇ ಇತ್ತು. ಹೆಂಡತಿ ಸೋಫಾದಲ್ಲಿ ಹೊಟ್ಟೆ ಹಿಡಿದುಕೊಂಡು ಒರಗಿದ್ದಳು. ಕಣ್ಣಲ್ಲಿ ನೀರು. ಸಾವುಕಾರರು ಧೋತರ ಮೇಲೆ ಕಟ್ಟಿ ಗಾಲೀಚೆಯ ಮೇಲೆ ಮೊಣಕಾಲೂರಿ ಕುಳಿತು, ಹೊಗೆಯಾಡುವ ಬಿಸಿನೀರು ಸುರಿದು, ತೆಂಗಿನ ಜುಂಗಿನಿಂದ ಗರಗರ ತಿಕ್ಕುತ್ತಿದ್ದರು.

"ಏನಾತ್ರಿ?" ಅಂದೆ.

"ರಿಪೋರ್ಟ್ ಬಂತ್ರಿ," ಅಂದರು ಅವರು. "ಏನೂ ಉಳದಿಲ್ಲಂತ. ಎಲ್ಲಾ ಸ್ವಚ್ಛ ಅಂದ್ರು ಡಾಕ್ಟರು. ಈಕಿ ಹೋಳಿಗಿ ಮಾಡಿದ್ಲು. ತುಪ್ಪಾ ಹಾಕ್ಕೊಂಡು ಏಳು ತಿಂದ್ಲು ನೋಡ್ರಿ. ಏಳು! ಎಲ್ಲಾ ಹೊರಗ ಬಂತು."

ನಾನು ಅಲ್ಲೇ ಕುಳಿತೆ. ನನಗೂ ಕಣ್ಣು ತುಂಬಿ ಬಂದವು. ಆಮೇಲೆ ಗಾಲೀಚೆ ಕಾಣಿಸಿತು. "ಸಾವುಕಾರ್ರ! ಬಿಸಿನೀರು ಮುಟ್ಟಸಬಾರ್ದು ಅಂತ ನೀವ ಹೇಳ್ತಿದ್ರೆಲ್ಲ?"

"ನನಗ ಆದಾಗ ಎಲ್ಲಾ ನೆನಪಿರ್ತಿತ್ತು. ಈಕಿಗೆ ಆತು ನೋಡ್ರಿ, ತೆಲಿನ ಓಡಲಿಲ್ಲ."

ಅರಿಸಿನ, ಬೆಲ್ಲ, ತುಪ್ಪ ಎಲ್ಲ ಬಿಸಿನೀರಿನಲ್ಲಿ ಬೆಂದು ನೂಲಿನೊಳಗೆ ಇಳಿದಿತ್ತು. ಎರಡು ತಾಸು ನನ್ನ ಎಲ್ಲ ವಿದ್ಯೆ ಮಾಡಿ ನೋಡಿದೆ. ತಾಟಿನಷ್ಟು ಅಗಲದ ಹಳದಿ ಕಲೆ ಅಲ್ಲೇ ಕುಳಿತಿತು. ಹೆಂಡತಿ ನಾಚಿಕೆಯಿಂದ ಟೀಪಾಯಿ ಎಳೆದು ಅದರ ಮೇಲೆ ಇಟ್ಟಳು. "ಒಂಬತ್ತು ತಿಂಗಳು ಇವ್ರು ಮಾಡಿದ್ದು ಒಂದೂ ಉಳೀಲಿಲ್ಲ. ನಾ ಒಮ್ಮೆ ಮಾಡಿದ್ದು ಸಾಯೂತನಾ ಉಳೀತು," ಅಂದಳು.

ಈಗಲೂ ಅವರ ಮನೆಗೆ ಯಾರಾದರೂ ಮಾತಾಡಿಸಲು ಬಂದರೆ, ಸಾವುಕಾರರು ಮೊದಲು ಟೀಪಾಯಿ ಬದಿಗೆ ಸರಿಸುತ್ತಾರೆ. "ಇದು ನಮ್ಮಾಕಿದು," ಎಂದು ಬೆರಳು ಮಾಡಿ ತೋರಿಸುತ್ತಾರೆ. ಆಮೇಲೆ ಮೀಸೆಯ ಮೇಲೆ ಕೈ ಆಡಿಸುತ್ತ ಹೇಳುತ್ತಾರೆ:

"ಇಡೀ ಗಾಲೀಚೆ ಹುಡುಕ್ರಿ ಬೇಕಾರ. ನಂದು ಒಂದರ ಸಿಗ್ತೈತೇನ ನೋಡ್ರಿ!"