ಬೆತ್ತದ ಕುರ್ಚಿಯಲ್ಲಿ ಸಿಕ್ಕ ಟಿಕೆಟ್

ಹಳೆಯ ರೈಲ್ವೆ ಟಿಕೆಟ್ ಒಂದನ್ನು ನನ್ನ ಕೈಗೆ ಕೊಟ್ಟರೆ ಸಾಕು, ಅದರ ಜಾತಕವನ್ನೇ ಹೇಳಿಬಿಡುತ್ತಿದ್ದೆ. ರಟ್ಟಿನ ಬಣ್ಣ, ಅಚ್ಚು, ತುದಿಯಲ್ಲಿ ಒತ್ತಿದ ತಾರೀಖು, ಯಾವುದೂ ನನ್ನ ಭೂತಗನ್ನಡಿಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಮೂರನೇ ದರ್ಜೆ ಎಂದಿದ್ದರೆ ಅದು ಎಪ್ಪತ್ನಾಲ್ಕಕ್ಕಿಂತ ಹಿಂದಿನದು. ಆ ವರ್ಷ ರೈಲ್ವೆಯವರು ಮೂರನೇ ದರ್ಜೆಯನ್ನು ರದ್ದು ಮಾಡಿ, ಅದೇ ಮರದ ಬೆಂಚುಗಳಿಗೆ ಎರಡನೇ ದರ್ಜೆಯೆಂದು ಬಡ್ತಿ ಕೊಟ್ಟರು. ತುಮಕೂರಿನ ಬಟವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ ನಾಲ್ಕು ಬಿಸ್ಕತ್ತಿನ ಡಬ್ಬಿಗಳ ತುಂಬ ಇಂಥ ಟಿಕೆಟ್ಟುಗಳಿದ್ದವು. ಬೇಳೆ ಹಾಕಿಡಲು ಒಂದು ಡಬ್ಬಿಯೂ ಉಳಿದಿಲ್ಲವೆಂದು ನನ್ನ ಹೆಂಡತಿ ಗಿರಿಜಾಳ ದೂರು.

ನಿಟ್ಟೂರಿನ ಮಾವನ ಮನೆಯಲ್ಲಿ ಇದ್ದದ್ದು ಒಂದೇ ಬೆತ್ತದ ಕುರ್ಚಿ. ಅದು ನನಗೆ ಮೀಸಲು. ಹಿರಿಯ ಅಳಿಯ ರುದ್ರೇಶಪ್ಪನಿಗೂ ಚಾಪೆಯೇ! ಹೆಣ್ಣು ನೋಡಲು ಬಂದ ದಿನ ನಾನು ಫಸ್ಟ್ ಕ್ಲಾಸ್ ಡಬ್ಬಿಯಿಂದ ಇಳಿದದ್ದನ್ನು ಮಾವನವರು ಕಣ್ಣಾರೆ ಕಂಡಿದ್ದರು. ಇಳಿದದ್ದು ನಿಜ. ತುಮಕೂರಿನಲ್ಲಿ ಮೂರನೇ ದರ್ಜೆಗೆ ಹತ್ತಿ, ಗುಬ್ಬಿಯಲ್ಲಿ ಡಬ್ಬಿ ಬದಲಾಯಿಸಿದ್ದನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ಹನ್ನೆರಡು ವರ್ಷ ಅವರ ಬಾಯಲ್ಲಿ ಫಸ್ಟ್ ಕ್ಲಾಸಿನ ಕಥೆ ಕೇಳಿ ಕೇಳಿ, ಕೊನೆಗೆ ನಾನೂ ಅದನ್ನೇ ನಂಬಿದ್ದೆ.

ಒಂದು ಭಾನುವಾರ ನಾನೂ ಗಿರಿಜಾಳೂ ಅಲ್ಲಿಗೆ ಹೋದಾಗ ಆ ಕುರ್ಚಿಗೆ ಹೊಸ ಬೆತ್ತ ಹಾಕಿಸುತ್ತಿದ್ದರು. ಹಳೆಯದನ್ನು ಬಿಚ್ಚಿದಾಗ ಚೌಕಟ್ಟಿನ ಸಂದಿಯಿಂದ ಒಂದು ಟಿಕೆಟ್ ಉದುರಿತು. ಮಾವನವರು ಅದನ್ನು ನನ್ನ ಕೈಗಿಟ್ಟರು.

"ಅಳಿಯಂದ್ರೇ, ಇದ್ರ ಕತೆ ಏನು ಅಂತ ವಸಿ ಹೇಳಿ."

ನಾನು ಗಂಟಲು ಸರಿಮಾಡಿಕೊಂಡೆ. ತುಮಕೂರಿನಿಂದ ನಿಟ್ಟೂರಿಗೆ, ಮೂರನೇ ದರ್ಜೆ. ಇಳಿದ ಮೇಲೆ ಗೇಟಿನಲ್ಲಿ ಒಪ್ಪಿಸಬೇಕಾದ ಟಿಕೆಟ್ಟನ್ನು ಒಪ್ಪಿಸಿಲ್ಲ. ಟಿಕೆಟ್ ಇದ್ದೂ ತೋರಿಸದವನೆಂದರೆ ದರ್ಜೆ ಹೇಳಲು ನಾಚಿದವನು. ತನ್ನದಲ್ಲದ ಡಬ್ಬಿಯಿಂದ ಇಳಿದಿರಬೇಕು. ಒಟ್ಟಿನಲ್ಲಿ ಆಸಾಮಿ ಸಾಚಾ ಅಲ್ಲ ಎಂದು ತೀರ್ಪು ಕೊಟ್ಟೆ. ಚಾಪೆಯ ಮೇಲಿದ್ದ ರುದ್ರೇಶಪ್ಪ ತಲೆದೂಗಿದ.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದೆ. ಆದರೆ ಪಾಂಡಿತ್ಯ ಸುಮ್ಮನಿರಬೇಕಲ್ಲ! ಟಿಕೆಟ್ಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತಾರೀಖು ಓದಿದೆ. ಅವತ್ತಿನ ತಿಥಿಯನ್ನೂ ಹೇಳುತ್ತೇನೆ, ಆ ವರ್ಷದ ಪಂಚಾಂಗ ಕೊಡಿ ಎಂದೆ.

ಮಾವನವರು ಹಳೆಯ ಪಂಚಾಂಗಗಳನ್ನೆಲ್ಲ ಕಟ್ಟಿ ಮೊಳೆಗೆ ತಗುಲಿಹಾಕಿದ್ದರು. ಹಸು ಕರು ಹಾಕಿದ್ದು, ಬಾವಿ ತೋಡಿಸಿದ್ದು, ಎಲ್ಲವನ್ನೂ ಅವುಗಳ ಅಂಚಿನಲ್ಲಿ ಬರೆದಿಡುವುದು ಅವರ ಅಭ್ಯಾಸ. ಕನ್ನಡಕ ಏರಿಸಿಕೊಂಡು ತಾವೇ ಹಾಳೆ ತಿರುವಿದರು. ಬೆರಳು ಒಂದು ಕಡೆ ನಿಂತಿತು. ಟಿಕೆಟ್ ನೋಡಿದರು, ನನ್ನನ್ನು ನೋಡಿದರು, ಆಮೇಲೆ ನಿಧಾನವಾಗಿ ಓದಿದರು.

"ಗಿರಿಜಾನ್ನ ನೋಡೋಕೆ ತುಮಕೂರಿನ ಗಂಡು ಬಂದಿತ್ತು. ಫಸ್ಟ್ ಕ್ಲಾಸು."

ಅವತ್ತು ಯಾರಿಗೂ ಕಾಣದಂತೆ ಟಿಕೆಟ್ಟನ್ನು ಕುರ್ಚಿಯ ಸಂದಿಗೆ ತುರುಕಿದ್ದು ನನಗೆ ಆಗ ನೆನಪಾಯಿತು. ತಾರೀಖಿನ ಮುದ್ರೆ ಕೆಲವೊಮ್ಮೆ ತಪ್ಪುವುದುಂಟು ಎಂದು ತೊದಲತೊಡಗಿದೆ.

"ಸಾಕು ಬುಡಿ," ಎಂದಳು ಗಿರಿಜಾ. "ಎಷ್ಟ್ ಚೆನ್ನಾಗಿ ಕಂಡುಹಿಡಿದ್ರಿ."

ಸಂಜೆಗೆ ಹೊಸ ಬೆತ್ತ ಸಿದ್ಧವಾಯಿತು. ಮಾವನವರು ರುದ್ರೇಶಪ್ಪನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದರು. ನನಗೆ ಬಾಗಿಲ ಪಕ್ಕದ ಚಾಪೆ ತೋರಿಸಿದರು. ರೈಲ್ವೆಯವರು ಮೂರನೇ ದರ್ಜೆಯನ್ನು ರದ್ದು ಮಾಡಿ ಎಷ್ಟೋ ವರ್ಷವಾಯಿತು. ನಿಟ್ಟೂರಿನ ಆ ಮನೆಯಲ್ಲಿ ಮಾತ್ರ, ನನಗೊಬ್ಬನಿಗಾಗಿ, ಅದನ್ನು ಇನ್ನೂ ಉಳಿಸಿಕೊಂಡಿದ್ದಾರೆ.