ಹಿಲ್ಲೂರಿನ ಹುತ್ತ ಜಗಜ್ಜಾಹೀರಾದದ್ದು

ಕೇಣಿಯ ಸುಭಾಷ ಮಾಸ್ತರರು ನಿವೃತ್ತರಾದ ವರ್ಷವೇ ಒಂದು ಘೋರ ಪ್ರತಿಜ್ಞೆ ಮಾಡಿಬಿಟ್ಟರು.

"ಇಷ್ಟು ವರ್ಷ ನಾಲ್ಕು ಗೋಡೆಗಳೊಳಗೆ ಪಾಠ ಹೇಳಿದ್ದು ಸಾಕು. ಇನ್ನು ಜಗತ್ತೇ ನನ್ನ ತರಗತಿ! ನನ್ನದೇ ಒಂದು ವೆಬ್‌ಸೈಟು ಮಾಡ್ತೇನೆ!"

ಆ ಹೊತ್ತಿನಲ್ಲಿ ಜಗತ್ತಿನ ಪರವಾಗಿ ಹಾಜರಿದ್ದವಳು ಹೆಂಡತಿ ಜಯಂತಿ ಒಬ್ಬಳೇ. ಅವಳು ಹಿತ್ತಿಲಲ್ಲಿ ಕೂತು ಬಂಗಡೆ ಮೀನು ಹಸನು ಮಾಡುತ್ತಿದ್ದಳು.

"ಜಗತ್ತಿಗೆ ಹೇಳೂಕೆ ಹೋಗೂ ಮುಂಚೆ ಆ ಬೆಕ್ಕಿಗೊಂದು ಮಾತು ಹೇಳ್ರಿ. ಆಗ್ಲೇ ಒಂದು ತಲೆ ಎಳ್ಕಂಡು ಹೋಯ್ತು."

ಮಹತ್ಕಾರ್ಯಗಳಿಗೆ ಮನೆಯವರಿಂದ ಇಂಥ ಪ್ರೋತ್ಸಾಹವೇ ದೊರೆಯುವುದು! ಮಾಸ್ತರರು ಎದೆಗುಂದಲಿಲ್ಲ. ಕಾರವಾರದಲ್ಲಿ ನೌಕರಿ ಮಾಡುವ ಮಗಳು ಯೋಗಿತಾ ಒಂದು ಭಾನುವಾರ ಬಂದು 'ಸುಭಾಷವಾಣಿ' ಎಂಬ ವೆಬ್‌ಸೈಟನ್ನು ಕಟ್ಟಿಕೊಟ್ಟಳು. ಹೋಗುವಾಗ, "ಅಪ್ಪಾ, ನೀಲಿ ಗುಂಡಿ ಒತ್ತಿದ್ರೆ ಪ್ರಕಟ ಆಗ್ತದೆ. ಬುಟ್ಟಿ ಚಿತ್ರ ಒತ್ತಿದ್ರೆ ಅಳಿಸಿ ಹೋಗ್ತದೆ. ಬೇರೆ ಯಾವುದನ್ನೂ ಮುಟ್ಟಬೇಡ," ಎಂದು ಎಚ್ಚರಿಸಿದಳು. ಮಾಸ್ತರರು ತಲೆಯಾಡಿಸಿದರು. ಅವಳ ಸ್ಕೂಟರು ತಿರುವು ದಾಟುವಷ್ಟರಲ್ಲಿ ಯಾವುದು ಗುಂಡಿ, ಯಾವುದು ಬುಟ್ಟಿ ಎಂಬುದು ಕಲಸಿಹೋಯಿತು.

ಆದರೂ ಲೇಖನಗಳು ಹರಿದವು. 'ಸಂಧಿಕಾರ್ಯದ ಸೊಗಸು', 'ಷಟ್ಪದಿಯ ನಡಿಗೆ', 'ನಾನು ಕಂಡ ಇನ್‌ಸ್ಪೆಕ್ಟರುಗಳು'. ಪುಟದ ಬುಡದಲ್ಲಿ ಎಷ್ಟು ಜನ ಬಂದುಹೋದರೆಂದು ತೋರಿಸುವ ಒಂದು ಸಂಖ್ಯೆ ಇತ್ತು. ಚಹಾ ಕುಡಿದೊಮ್ಮೆ, ಸ್ನಾನ ಮಾಡಿದೊಮ್ಮೆ, ಊಟಕ್ಕೆ ಮುಂಚೆ, ಊಟದ ನಂತರ ಮಾಸ್ತರರು ಅದನ್ನು ತೆರೆದು ನೋಡುವರು. ನೋಡಿದಾಗಲೆಲ್ಲ ಅದು ಒಂದೊಂದೇ ಏರಿರುತ್ತಿತ್ತು!

"ಯಾರೋ ಒಬ್ಬ ಮಹಾಶಯ ದಿನವೂ ತಪ್ಪದೆ ಬರ್ತಾನೆ. ಎಂಥ ನಿಷ್ಠೆ! ಅವನಿಗೊಂದು ಧನ್ಯವಾದ ಬರೆಯಬೇಕಲ್ಲ, ಹೇಗೆ?" ಎಂದು ಮಗಳಿಗೆ ಫೋನು ಮಾಡಿದರು.

ಅತ್ತ ಕಡೆಯಿಂದ ಯೋಗಿತಾ ಮೆಲ್ಲಗೆ ಹೇಳಿದಳು: "ಅಪ್ಪಾ... ಅದು ನೀನೇ."

ಮಾಸ್ತರರು ಆ ದಿನ ಮಧ್ಯಾಹ್ನ ಎರಡನೆಯ ಸಲ ಅನ್ನ ಬಡಿಸಿಕೊಳ್ಳಲಿಲ್ಲ. ಸಂಜೆ ಯೋಗಿತಾ ತಾನೇ ಫೋನು ಮಾಡಿ ಸಮಾಧಾನ ಹೇಳಿದಳು: "ವ್ಯಾಕರಣ ಬಿಡು ಅಪ್ಪ. ಜನರಿಗೆ ಬೇಕಾದ್ದು ಬರಿ. ಊಟದ್ದು, ತಿರುಗಾಟದ್ದು."

ಮಳೆ ಹಿಡಿದಿತ್ತು. ಮೊದಲ ಗುಡುಗು ಕೇಳಿದೊಡನೆ ಜಯಂತಿಗೆ ತವರು ನೆನಪಾಗುವುದು ಪ್ರತಿ ವರ್ಷದ ಪದ್ಧತಿ. ತವರು ಹಿಲ್ಲೂರು. ಅಣ್ಣ ಬೊಮ್ಮು ಗೌಡ ಅಲ್ಲಿ ಗದ್ದೆ ಮಾಡಿಕೊಂಡಿದ್ದ. ಆತ ತಂಗಿಯನ್ನು ಬೆಟ್ಟದ ಒಂದು ಹುತ್ತಕ್ಕೆ ಕರೆದೊಯ್ದು, ಮೇಲೆದ್ದ ಅಣಬೆಯನ್ನು ಅವಳ ಕೈಯಿಂದಲೇ ಕೀಳಿಸಿ ಕಳಿಸುತ್ತಿದ್ದ. ಈ ಸಲ ಮಾಸ್ತರರೂ ಜೊತೆಗೆ ಹೊರಟರು. ಹುತ್ತದ ಸುತ್ತ ಬಿಳಿ ಕೊಡೆ ಬಿಚ್ಚಿ ನಿಂತ ಆ ಅಣಬೆಗಳನ್ನು ಕಂಡದ್ದೇ, ಅವರ ಅಂತರಂಗದಲ್ಲಿ ಲೇಖನವೊಂದು ತಲೆಯೆತ್ತಿತು!

ಹಿಲ್ಲೂರಿನ ಕಡೆ ಒಂದು ಅಲಿಖಿತ ಕಾನೂನು ಇದೆ. ಮನೆಯಲ್ಲಿ ಎಷ್ಟು ಬಂಗಾರವಿದೆ ಎಂದು ಬೇಕಾದರೆ ಹೇಳಿಯಾರು. ಅಣಬೆ ಏಳುವ ಜಾಗ ಮಾತ್ರ ಹೇಳುವುದಿಲ್ಲ. ಹೋಗುವುದು ಒಂದು ದಾರಿಯಲ್ಲಿ, ಬರುವುದು ಇನ್ನೊಂದು ದಾರಿಯಲ್ಲಿ. ಜಯಂತಿಯಂತೂ ಬಾಜೂ ಮನೆಯ ಗಂಗೂ ಕೇಳಿದರೆ "ಪ್ಯಾಟೆದು" ಎಂದು ಹೇಳಿಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದ್ದಳು. ಈ ಕಾನೂನನ್ನು ಗಂಡನಿಗೆ ಪ್ರತ್ಯೇಕವಾಗಿ ತಿಳಿಸಬೇಕೆಂದು ಅವಳಿಗೆ ಹೊಳೆಯಲಿಲ್ಲ. ಉಸಿರಾಡಬೇಕು ಎಂದು ಯಾರಾದರೂ ಯಾರಿಗಾದರೂ ಹೇಳಿಕೊಡುತ್ತಾರೆಯೆ?

ಮಾಸ್ತರರಾದರೋ, ನಕ್ಷೆಗೆ ದಿಕ್ಸೂಚಿ ಹಾಕದ ಮಕ್ಕಳಿಗೆ ಅರ್ಧ ಅಂಕ ಕಳೆಯುತ್ತಿದ್ದವರು! 'ವರ್ಷಋತುವಿನ ಶ್ವೇತಛತ್ರ' ಎಂಬ ಲೇಖನದಲ್ಲಿ ಅಂಕೋಲೆಯ ಬಸ್‌ಸ್ಟ್ಯಾಂಡಿನಿಂದ ಆರಂಭಿಸಿ, ಬಾಳೆಗುಳಿ ದಾಟಿ, ಹಿಲ್ಲೂರಿನಲ್ಲಿ ಇಳಿದು, ಹಳ್ಳಕ್ಕೆ ಅಡ್ಡ ಹಾಕಿದ ಕಾಲುಸಂಕ ಹಾದು, ಎಡಕ್ಕೆ ಹೊರಳಿ, ಬುಡ ಟೊಳ್ಳಾದ ಹೆಬ್ಬಲಸಿನ ಮರದ ಹಿಂದಿನ ಹುತ್ತದವರೆಗೆ ಎಲ್ಲವನ್ನೂ ವರ್ಣಿಸಿದರು. ಕೈಯಿಂದ ಬರೆದ ನಕ್ಷೆಯ ಫೋಟೋ ಹಾಕಿದರು. ಕೆಳಗೆ, 'ಸಂದೇಹಗಳಿದ್ದಲ್ಲಿ ಸಂಪರ್ಕಿಸಿರಿ' ಎಂದು ಫೋನು ನಂಬರನ್ನೂ ಕೊಟ್ಟು ನೀಲಿ ಗುಂಡಿ ಒತ್ತಿದರು.

ಬೆಳಗಾಗುವಷ್ಟರಲ್ಲಿ ಆ ಸಂಖ್ಯೆ ಹುಚ್ಚು ಹಿಡಿದಂತೆ ಓಡುತ್ತಿತ್ತು! ಮಾಸ್ತರರು ಕನ್ನಡಕ ಒರೆಸಿಕೊಂಡು ನೋಡಿದರು. ಇದು ತಾನಲ್ಲ! ಇಷ್ಟು ಸಲ ತೆರೆಯಲು ತನ್ನಿಂದ ಸಾಧ್ಯವೇ ಇಲ್ಲ! ಹಿಗ್ಗಿನಲ್ಲಿ ಕೂತಿರುವಾಗಲೇ ಫೋನು ಬಡಿದುಕೊಂಡಿತು.

"ನಮಸ್ಕಾರ ಮಾಸ್ತರೆ, ನಾವು ಕಾರವಾರದವ್ರು. ಸಂಕ ದಾಟಿದ್ದೇವೆ. ಇಲ್ಲಿ ಎಡಕ್ಕೆ ಎರಡು ದಾರಿ ಉಂಟಲ್ಲ?"

ಓದುಗನ ಮೊದಲ ಸಂದೇಹ! ಮಾಸ್ತರರ ಕಂಠ ತರಗತಿಯ ಕಂಠವಾಯಿತು. "ಉತ್ತಮ ಪ್ರಶ್ನೆ! ಮೇಲಿನ ದಾರಿ ಹಿಡಿಯಿರಿ. ಹಾಂ, ಹಾಗೇ ಬನ್ನಿ. ಹೆಬ್ಬಲಸು ಕಂಡಿತೇ? ಭೇಷ್! ಅದರ ಹಿಂದೆ ಹೋಗಿ. ಹುತ್ತ ಕಂಡಿತೇ?"

ಹಿಂದಿನಿಂದ ಪಾತ್ರೆ ಬಿದ್ದ ಸದ್ದು. ಮಾಸ್ತರರು ತಿರುಗಿ ನೋಡಿದರು. ಬಾಗಿಲಲ್ಲಿ ಜಯಂತಿ.

"ಯಾರಿಗ್ರಿ ಅದು ದಾರಿ ಹೇಳ್ತಿರೂದು?"

"ಓದುಗರಿಗೆ."

"ಎಲ್ಲಿ ದಾರಿ?"

ಮಾಸ್ತರರು ಹೆಮ್ಮೆಯಿಂದ ನಕ್ಷೆ ತೋರಿಸಿದರು. ಜಯಂತಿ ಅದನ್ನು ನೋಡಿದಳು. ಅವಳ ಮುಖದಲ್ಲಿ ಬಣ್ಣವೇ ಉಳಿಯಲಿಲ್ಲ.

"ನನ್ನ ತವರು ಮನೆ ಹುತ್ತ! ಅಯ್ಯೋ ಮಾರಾಯ್ರೆ, ಎಂತಾ ಮಾಡಿಟ್ರಿ! ಅಣ್ಣ, ತಂಗಿ ಅಂತ ನನ್ನ ನಂಬಿ ತೋರ್ಸಿದ್ದ. ಇನ್ನು ಆ ಮನೆ ಮೆಟ್ಟಿಲು ಹ್ಯಾಂಗೆ ಹತ್ತೂದು ನಾನು? ನಾನೇ ಹೇಳಿ ಬರೆಸಿದ್ದು ಅಂತ ತಿಳ್ಕಳ್ಳೂದಿಲ್ವಾ ಅವ?"

"ಜ್ಞಾನವನ್ನು ಹಂಚಿದರೆ..."

"ಜ್ಞಾನ ಅಲ್ಲ ಅದು, ಅಣಬೆ! ಮೊದ್ಲು ಅಳ್ಸಿ ಅದನ್ನ!"

ಜಯಂತಿಯ ಕಣ್ಣಲ್ಲಿ ನೀರು ಕಂಡದ್ದೇ ಮಾಸ್ತರರಿಗೆ ಕೈಕಾಲು ಆಡದಾಯಿತು. ಬುಟ್ಟಿಯ ಚಿತ್ರವನ್ನು ಹುಡುಕಿ ಒತ್ತಿದರು. ತೆರೆಯ ಮೇಲೆ ಒಂದು ಪ್ರಶ್ನೆ ಎದ್ದು ನಿಂತಿತು. 'ನಿಮಗೆ ಖಚಿತವೇ?' ಪ್ರಾಮಾಣಿಕವಾಗಿ ಹೇಳುವುದಾದರೆ, ಮಾಸ್ತರರಿಗೆ ಆ ಗಳಿಗೆಯಲ್ಲಿ ಯಾವುದೂ ಖಚಿತವಾಗಿರಲಿಲ್ಲ! 'ಇಲ್ಲ' ಎಂಬುದನ್ನು ಒತ್ತಿದರು. ಲೇಖನ ಅಲ್ಲೇ ಉಳಿಯಿತು. ಮತ್ತೆ ಒತ್ತಿದರು, ಅದು ಮತ್ತೆ ಕೇಳಿತು, ಇವರು ಮತ್ತೆ ಸತ್ಯವನ್ನೇ ನುಡಿದರು.

ಕೊನೆಗೆ ಬುದ್ಧಿಯೊಂದು ಹೊಳೆಯಿತು. ಪತ್ರಿಕೆಗಳು ತಪ್ಪಾದಾಗ ಏನು ಮಾಡುತ್ತವೆ? ತಿದ್ದುಪಡಿ! ಲೇಖನದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬರೆದರು: 'ಓದುಗರು ದಯವಿಟ್ಟು ಈ ಹುತ್ತದ ಬಳಿಗೆ ಹೋಗಬಾರದೆಂದು ಕಳಕಳಿಯ ವಿನಂತಿ.'

ಪ್ರತಿಕ್ರಿಯೆಗಳು ಮಳೆಯಂತೆ ಸುರಿದವು. 'ಮಾಸ್ತರರು ಬೇಡ ಅಂತಾರೆ ಅಂದ್ರೆ ಇನ್ನೂ ಬಹಳ ಉಳಿದಿದೆ!' 'ನಾವು ಸಂಸಾರಸಮೇತ ಹೊರಟೆವು.' 'ಹುತ್ತದ ಹತ್ತಿರ ಗಾಡಿ ನಿಲ್ಲಿಸಲು ಜಾಗವಿದೆಯೇ?'

ಮಾಸ್ತರರು ಫೋನು ಮಾಡಿದ ಮೇಲೆ ಯೋಗಿತಾ ಕಾರವಾರದಿಂದಲೇ ಲೇಖನವನ್ನು ಅಳಿಸಿದಳು. "ಆದ್ರೆ ಪ್ರಯೋಜನ ಇಲ್ಲ ಅಪ್ಪ. ನಕ್ಷೆ ವಾಟ್ಸಾಪಿನಲ್ಲಿ ಊರೆಲ್ಲ ತಿರುಗ್ತಾ ಉಂಟು. ನಮ್ಮ ಆಫೀಸಿನ ಗ್ರೂಪಿಗೂ ಬಂತು. ನಮ್ಮ ಮ್ಯಾನೇಜರು ಇವತ್ತು ಹೊಟ್ಟೆನೋವು ಅಂತ ರಜೆ ಹಾಕಿದ್ರು!"

"ಹೊರಡ್ರಿ. ಅಣ್ಣನ ಕಾಲು ಹಿಡಿಯೂದೊಂದೇ ದಾರಿ," ಎಂದಳು ಜಯಂತಿ.

ಹಿಲ್ಲೂರಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ತೊಡೆಯ ಮೇಲೂ ಬುಟ್ಟಿ, ಎಲ್ಲರ ಕೈಯಲ್ಲೂ ಮೊಬೈಲು, ಮೊಬೈಲಿನಲ್ಲಿ ಮಾಸ್ತರರ ಅಕ್ಷರ! ಮಾಸ್ತರರು ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದು ಕಿಟಕಿಯ ಹೊರಗೆ ನೋಡತೊಡಗಿದರು. ಪಕ್ಕದ ಹೆಂಗಸು ಜಯಂತಿಯನ್ನು ಮಾತಿಗೆಳೆದಳು.

"ನೀವೂ ಅಣಬೆಗೇ ಹೊರಟದ್ದಾ ಅಕ್ಕಾ? ಸುಭಾಷ ಮಾಸ್ತರು ಅಂತ ಯಾರೋ ಬರ್ದದ್ದಂತೆ. ಪುಣ್ಯಾತ್ಮ! ಇಲ್ಲಾರೆ ಈ ಹಿಲ್ಲೂರಿನವ್ರು ಜೀವ ಹೋದ್ರೂ ಜಾಗ ಹೇಳೂದಿಲ್ಲ."

"ಹೌದೌದು," ಎಂದಳು ಜಯಂತಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು. "ಅಂಥವ್ರು ಮನೆಗೊಬ್ರು ಇದ್ರೆ ಸಾಕು. ಮತ್ತೆ ಶತ್ರು ಬೇಕಾಗೂದಿಲ್ಲ."

ಹಳ್ಳದ ಸಂಕದ ಬಳಿ ಬೈಕುಗಳ ಸಾಲು. ಬೆಟ್ಟದ ಮೇಲಿಂದ "ಎಡಕ್ಕಾ? ಬಲಕ್ಕಾ?" ಎಂಬ ಕೂಗು. ಬೊಮ್ಮು ಗೌಡ ಮಾತ್ರ ಜಗಲಿಯಲ್ಲಿ ಕೂತು ನಿಧಾನವಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಆ ನಿಧಾನವನ್ನು ಕಂಡು ಮಾಸ್ತರರಿಗೆ ಮತ್ತಷ್ಟು ಹೆದರಿಕೆಯಾಯಿತು. ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದ ಕ್ಷಮಾಯಾಚನೆಯನ್ನು ಕೈಜೋಡಿಸಿ ಶುರುಮಾಡಿದರು.

"ಬೊಮ್ಮು ಭಾವ, ನನ್ನ ಅವಿವೇಕದಿಂದ ನಿಮ್ಮ ಮನೆತನದ ಪರಮ ರಹಸ್ಯವು..."

"ಆ ಹುತ್ತವಾ? ಹೋಗ್ಲಿ ಬಿಡಿ ಭಾವಾ, ಕೂತ್ಕಳಿ. ಅದು ನೆಂಟ್ರ ಹುತ್ತ."

"ನೆಂಟ್ರ ಹುತ್ತ?"

"ಮನೆಗೆ ಬಂದವ್ರು ಅಣಬೆ ಅಣಬೆ ಅಂತಾರಲ್ಲ, ಅವ್ರಿಗೆ ತೋರ್ಸೂಕೆ ಅಂತ ಎಲ್ರೂ ಒಂದು ಇಟ್ಕಂಡಿರ್ತೇವೆ. ನಮ್ಮ ಖರೆ ಜಾಗ ಬೇರೆ."

ಮಾಸ್ತರರಿಗೆ ಜೀವ ಬಂತು. ಆದರೆ ಜಯಂತಿಗೆ ಅದು ಹೋಯಿತು!

"ಅಣ್ಣಾ! ನಾನೇನು ನೆಂಟಳಾ? ಹುಟ್ಟಿದ್ದು ಇದೇ ಮನೇಲಿ!"

"ಹುಟ್ಟಿದ್ದು ಹೌದು ತಂಗೀ. ಕೊಟ್ಟದ್ದು ಮಾಸ್ತರಿಗಲ್ವಾ? ಆಗ್ಲೇ ಅಪ್ಪ ಹೇಳಿದ್ದ, ಇವಳಿಗೆ ಬೇರೆ ಜಾಗ ತೋರ್ಸು, ಮಾಸ್ತರ ಹೊಟ್ಟೇಲಿ ಯಾವುದೂ ನಿಲ್ಲೂದಿಲ್ಲ, ಹೇಳಿಕೊಡೂದೇ ಅವ್ರ ಕೆಲಸ ಅಂತ."

ಮಾವನವರು ಸ್ವರ್ಗದಿಂದಲೇ ತಮ್ಮ ಕಿವಿ ಹಿಂಡಿದಂತಾಯಿತು ಮಾಸ್ತರರಿಗೆ. ಜಯಂತಿ ಮಾತ್ರ ಅಣ್ಣನ ಎದುರು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಆ ಸುಟ್ಟ ಹುತ್ತಕ್ಕಾಗಿ ಇಷ್ಟು ವರ್ಷ ಬಾಯಿ ಹೊಲಿದ್ಕಂಡು ಕೂತೆ! ಗಂಗೂನ ಹತ್ರ ಎಷ್ಟು ಸುಳ್ಳು ಹೇಳ್ದೆ! ಒಂದು ದಿನ ಆದ್ರೂ ಯಾರ ಹತ್ರನಾದ್ರೂ ಅಂದಿದ್ದೇನಾ ಕೇಳು!"

ಬೊಮ್ಮು ಎಲೆಯನ್ನು ಮಡಚುತ್ತ ತಂಗಿಯನ್ನು ನೋಡಿದ. "ಕೇಳ್ದೆ. ಬೆಳಿಗ್ಗೆಯಿಂದ ಸಂಕ ದಾಟಿದವ್ರನ್ನೆಲ್ಲ ನಿಲ್ಲಿಸಿ ಕೇಳ್ದೆ, ಯಾರು ಹೇಳಿದ್ದು ಅಂತ. ಎಲ್ರೂ ಮಾಸ್ತರು ಅಂದ್ರು. ನಿನ್ನ ಹೆಸರು ಒಬ್ರೂ ತೆಗೀಲಿಲ್ಲ." ಅವನು ಎದ್ದು ಮಾಡಿಗೆ ತೂಗುಹಾಕಿದ್ದ ಬುಟ್ಟಿ ಇಳಿಸಿದ. "ಬಾ. ಇವತ್ತು ಖರೆ ಜಾಗ ತೋರ್ಸ್ತೆ."

ಮಾಸ್ತರರೂ ಉತ್ಸಾಹದಿಂದ ಎದ್ದು ಕೊಡೆ ಬಿಚ್ಚಿದರು.

"ನೀವಲ್ಲ ಭಾವಾ!" ಎಂದ ಬೊಮ್ಮು ಗಾಬರಿಯಿಂದ. "ನೀವು ಇಲ್ಲೇ ಕೂತ್ಕಳಿ. ಬಂದವ್ರಿಗೆ ದಾರಿ ಹೇಳಿ. ನಿಮ್ಮಷ್ಟು ಚಂದ ಹೇಳೂಕೆ ಯಾರಿಗೂ ಬರೂದಿಲ್ಲ. ಎಲ್ರೂ ಆ ಬದಿಗೇ ಹೋಗ್ಲಿ!"

ಹೀಗಾಗಿ ಜಗತ್ತನ್ನೇ ತರಗತಿ ಮಾಡಿಕೊಳ್ಳಲು ಹೊರಟವರು ಭಾವನ ಜಗಲಿಯಲ್ಲಿ ಕೂತು, ಬಂದಬಂದವರಿಗೆ ನೆಂಟರ ಹುತ್ತದ ದಾರಿಯನ್ನು ಬೋಧಿಸಿದರು. ಆಶ್ಚರ್ಯವೆಂದರೆ, ಅವರ ಪಾಠವನ್ನು ಜನ ಇಷ್ಟು ಗಮನವಿಟ್ಟು ಕೇಳಿದ್ದು ಇದೇ ಮೊದಲು!

ಜಯಂತಿ ಹಿಂದಿರುಗಿದಾಗ ಬುಟ್ಟಿ ತುಂಬಿತ್ತು, ಮುಖ ಅದಕ್ಕಿಂತ ತುಂಬಿತ್ತು. ಸಂಜೆಯ ಬಸ್ಸಿನಲ್ಲಿ ಮಾಸ್ತರರು ಮೆಲ್ಲಗೆ ಕೇಳಿದರು: "ಪೂರ್ವಕ್ಕೋ, ಪಶ್ಚಿಮಕ್ಕೋ? ಅಷ್ಟಾದರೂ..."

"ಯಾರಿಗೂ ಹೇಳೂದಿಲ್ಲ ಅಂತ ನನ್ನ ಮೇಲೆ ಆಣೆ ಮಾಡ್ರಿ. ಹೇಳ್ತೆ."

ಮಾಸ್ತರರು ಬಾಯಿ ತೆರೆದರು. ಯೋಚಿಸಿದರು. ಬಸ್ಸು ಎರಡು ತಿರುವು ದಾಟುವವರೆಗೂ ಯೋಚಿಸಿದರು.

"ಬೇಡ ಮಾರಾಯ್ತಿ," ಎಂದರು ಸೋತ ದನಿಯಲ್ಲಿ. "ನೀನು ಹೇಳಬೇಡ."

ಜಯಂತಿ ಮದುವೆಯಾದಂದಿನಿಂದ ಗಂಡನನ್ನು ಅಷ್ಟು ಮೆಚ್ಚುಗೆಯಿಂದ ನೋಡಿದ್ದಿಲ್ಲ. ಸೊಪ್ಪು ಮುಚ್ಚಿದ ಬುಟ್ಟಿಯನ್ನು ಅವರ ತೊಡೆಯ ಮೇಲಿಟ್ಟಳು. "ಹಿಡ್ಕಳಿ. ಯಾರಾದ್ರೂ ಕೇಳಿದ್ರೆ ಬದನೆಕಾಯಿ ಅನ್ನಿ, ಸಾಕು."

ಎದುರಿನ ಸೀಟಿನಲ್ಲಿ, ಜಗಲಿಯಲ್ಲಿ ಅವರಿಂದಲೇ ದಾರಿ ಕೇಳಿ ಹೋಗಿ ಈಗ ಖಾಲಿ ಬುಟ್ಟಿ ಹಿಡಿದು ಕೂತ ಗೃಹಸ್ಥ ಇತ್ತ ಬಗ್ಗಿದ. "ಬುಟ್ಟಿ ಒಳ್ಳೇ ಭಾರ ಕಾಣ್ತದಲ್ಲ! ಎಂತಾ ಉಂಟು ಮಾಸ್ತರೆ ಅದ್ರಲ್ಲಿ?"

"ಬದನೆಕಾಯಿ," ಎಂದರು ಮಾಸ್ತರರು ದೃಢವಾಗಿ.

"ಹೌದಾ! ಎಲ್ಲಿ ಬೆಳೆದದ್ದು?"

"ಹುತ್ತದ ಮೇಲೆ," ಎಂದರು ಮಾಸ್ತರರು.