ಎಮ್ಮೆ ಡಾಕ್ಟರರ ಟರ್ಬೊ ಕಾರು

ಐವತ್ತು ದಾಟಿದ ಗಂಡಸಿಗೆ ಬುದ್ಧಿ ಕೆಡುವುದಕ್ಕೆ ಹಲವು ದಾರಿಗಳಿವೆ. ಕೆಲವರು ತಲೆಗೆ ಬಣ್ಣ ಹಚ್ಚಿಕೊಳ್ಳುತ್ತಾರೆ. ಕೆಲವರು ಬೆಳಿಗ್ಗೆ ಎದ್ದು ಹಾಗಲಕಾಯಿ ರಸ ಕುಡಿದು, ಕುಡಿಯದವರಿಗೆಲ್ಲ ಸಂಜೆಯವರೆಗೆ ಉಪದೇಶ ಮಾಡುತ್ತಾರೆ. ನನ್ನ ಗೆಳೆಯನೊಬ್ಬ ಕೊಳಲು ಕಲಿಯಲು ಹೋಗಿ ಇಡೀ ಬೀದಿಯ ನಾಯಿಗಳ ದ್ವೇಷ ಕಟ್ಟಿಕೊಂಡ. ನಾನು ಕಾರು ಕೊಂಡೆ. ಕಾರು ಕೊಳ್ಳುವುದು ಬುದ್ಧಿ ಕೆಟ್ಟ ಲಕ್ಷಣವಲ್ಲ ಎಂದು ನೀವು ಹೇಳಬಹುದು. ನಿಜ. ಆದರೆ ನಾನು ಕೊಂಡದ್ದು ನಿಂತಲ್ಲೇ ಓಡುತ್ತಿರುವಂತೆ ಕಾಣುವ ಕಾರು. ಮೂತಿ ಚೂಪು, ಮೈ ನೆಲಕ್ಕೆ ಅಂಟಿದಂತೆ ತಗ್ಗು, ಡಿಕ್ಕಿಯ ಮೇಲೊಂದು ಪುಟ್ಟ ರೆಕ್ಕೆ, ಬಣ್ಣ ಅಚ್ಚ ಕೆಂಪು. ಓಟದ ಕಾರುಗಳ ಜಾತಿಯಲ್ಲಿ ಇದು ಬಡವರ ಮನೆಯ ಮಗು. ಆದರೂ ಸೊಕ್ಕಿನಲ್ಲಿ ಶ್ರೀಮಂತರ ಮಕ್ಕಳಿಗೇನೂ ಕಮ್ಮಿಯಿಲ್ಲ.

ನನ್ನ ಉದ್ಯೋಗ ಹೇಳಿದರೆ ಇದರ ಅಂದ ನಿಮಗೆ ಇನ್ನಷ್ಟು ಅರ್ಥವಾದೀತು. ನಾನು ಸರ್ಕಾರಿ ಪಶುವೈದ್ಯ. ಮನೆ ಹೊಸಪೇಟೆಯಲ್ಲಿ, ಆಸ್ಪತ್ರೆ ಸಂಡೂರು ದಾಟಿ ಬಂಡ್ರಿ ಕಡೆಯ ಒಂದು ಹಳ್ಳಿಯಲ್ಲಿ. ನನ್ನ ರೋಗಿಗಳು ಎಮ್ಮೆ, ಆಕಳು, ಎತ್ತು, ಕುರಿ. ಅವು ಇರುವುದು ಹೊಲದಲ್ಲಿ, ಹಟ್ಟಿಯಲ್ಲಿ, ಹಳ್ಳದ ಆಚೆ. ಅಲ್ಲಿಗೆ ಹೋಗುವ ಮನುಷ್ಯನಿಗೆ ಎತ್ತರದ, ಗಟ್ಟಿಮುಟ್ಟಾದ, ನೋಡಲು ಪೆಟ್ಟಿಗೆಯಂಥ ಗಾಡಿ ಬೇಕೆಂಬುದು ನನ್ನ ಹೆಂಡತಿ ಶಾರದೆಯ ವಾದ. ಆಕೆ ಹೈಸ್ಕೂಲು ಟೀಚರು. ವಾದವನ್ನು ಒಂದು, ಎರಡು, ಮೂರು ಎಂದು ಬೆರಳು ಮಡಚಿ ಹೇಳುತ್ತಾಳೆ. ನನ್ನ ಬಳಿ ಒಂದೇ ವಾದವಿತ್ತು. ತೋರಣಗಲ್ಲಿನ ಕಾರ್ಖಾನೆಯ ಎಂಜಿನಿಯರೊಬ್ಬರು ತಮಗೆ ವರ್ಗವಾದದ್ದರಿಂದ ಈ ಕಾರನ್ನು ಮಾರಲಿದ್ದರು. ಅದನ್ನು ನೋಡಲು ಹೋದಾಗ ಹೆದ್ದಾರಿಯಲ್ಲಿ ಅವರು 'ಸ್ಪೋರ್ಟ್' ಎಂಬ ಗುಂಡಿ ಒತ್ತಿ, ಈಗ ಕಾಲು ಅದುಮಿ ನೋಡಿ ಎಂದರು. ಅದುಮಿದೆ. ಬೆನ್ನು ಸೀಟಿಗೆ ಅಂಟಿತು, ಹೊಟ್ಟೆ ಒಂದು ಗಳಿಗೆ ಹಿಂದೆ ಬಿಟ್ಟ ಊರು ಕುರೆಕುಪ್ಪದಲ್ಲೇ ಉಳಿಯಿತು. ಇಪ್ಪತ್ತೈದು ವರ್ಷ ದನಗಳ ಹಿಂಭಾಗದಲ್ಲಿ ನಿಂತು ಜೀವನ ಸವೆಸಿದವನಿಗೆ ಮೊದಲ ಬಾರಿ ಮುಂದೆ ಹೋಗುತ್ತಿರುವಂತೆ ಅನ್ನಿಸಿತು. ಇದನ್ನು ಶಾರದೆಗೆ ಹೇಳುವುದು ಹೇಗೆ? ಹಾಗಾಗಿ, ಸಂಡೂರಿನ ಅದಿರಿನ ಧೂಳಿಗೆ ಕೆಂಪು ಬಣ್ಣವೇ ಸರಿ, ತೊಳೆಯುವುದು ಉಳಿಯುತ್ತದೆ ಎಂದೆ. ಆಕೆ ನನ್ನನ್ನು ಕೊನೆಯ ಬೆಂಚಿನ ಹುಡುಗನನ್ನು ನೋಡುವಂತೆ ನೋಡಿದಳು.

ಕಾರು ಬಂದ ಮೇಲೆ ಮೊದಲು ಪರೀಕ್ಷೆಗೆ ಒಳಗಾದವರು ಕಂಪ್ಲಿಯ ನನ್ನ ಅತ್ತೆ. ಅವರು ಸ್ವಲ್ಪ ತುಂಬಿದ ಮೈಯವರು. ಕಾರಿನೊಳಗೆ ಕೂರುವುದು ಸುಲಭವಾಯಿತು, ಏಕೆಂದರೆ ಅದು ಕೂರುವುದಲ್ಲ, ಬೀಳುವುದು. ಕಂಪ್ಲಿ ತಲುಪಿದ ಮೇಲೆ ಏಳಲು ಆಗಲಿಲ್ಲ. ಶಾರದೆ ಮುಂದಿನಿಂದ ಕೈ ಹಿಡಿದಳು, ನಾನು ಇನ್ನೊಂದು ಬಾಗಿಲಿನಿಂದ ತೂರಿ ಹಿಂದಿನಿಂದ ಒತ್ತುಕೊಟ್ಟೆ. ಪಕ್ಕದ ಅಕ್ಕಿ ಗಿರಣಿಯವರೆಲ್ಲ ಕೆಲಸ ಬಿಟ್ಟು ಬಂದು ನಿಂತರು. ಹೊರಬಂದ ಮೇಲೆ ಅತ್ತೆ ಸೆರಗು ಸರಿಮಾಡಿಕೊಂಡು, ಅಳಿಯಂದಿರು ಭಾಳ ಅನುಭವಸ್ಥರು ಅಂತ ಗೊತ್ತಾತು ಎಂದಷ್ಟೇ ಹೇಳಿದರು. ಅಂದಿನಿಂದ ಅವರು ಹೊಸಪೇಟೆಗೆ ಬಸ್ಸಿನಲ್ಲೇ ಬರುತ್ತಾರೆ.

ಇನ್ನೊಮ್ಮೆ ದಾವಣಗೆರೆಯಿಂದ ನೆಂಟರು ಬಂದರು. ಹಂಪಿ ತೋರಿಸುತ್ತೇನೆಂದು ನಾಲ್ವರನ್ನು ತುಂಬಿಕೊಂಡು ಹೊರಟೆ. ಒಬ್ಬನೇ ಇದ್ದರೆ ರಸ್ತೆಯ ಉಬ್ಬುಗಳನ್ನು, ಆ ಹಂಪುಗಳನ್ನು, ಹೇಗೋ ಉಸಿರು ಬಿಗಿಹಿಡಿದು ದಾಟುವ ಕಾರು, ಐದು ಜನರ ಭಾರಕ್ಕೆ ಮೊದಲ ಹಂಪಿನಲ್ಲೇ 'ಕರ್ರ್' ಎಂದಿತು. ಆ ಸದ್ದು ಕಾರಿನ ಹೊಟ್ಟೆಯದಾದರೂ ನೋವು ನನ್ನ ಹೊಟ್ಟೆಯಲ್ಲಿ. ಮುಂದಿನ ಹಂಪಿನಿಂದ ಒಂದು ಪದ್ಧತಿ ಮಾಡಿದೆ: ಹಂಪು ಬಂದಾಗ ನೆಂಟರೆಲ್ಲ ಇಳಿಯುವುದು, ನಾನು ಓರೆಯಾಗಿ ದಾಟಿಸುವುದು, ಅವರು ನಡೆದು ಬಂದು ಮತ್ತೆ ಹತ್ತುವುದು. ಆ ರಸ್ತೆಯಲ್ಲಿ ಎಷ್ಟು ಹಂಪುಗಳಿವೆ ಎಂದು ಇವತ್ತಿಗೂ ಅವರು ಬಾಯಿಪಾಠವಾಗಿ ಹೇಳಬಲ್ಲರು. ಹಂಪಿಯ ಬಗ್ಗೆ ಕೇಳಿದರೆ ಮಾತ್ರ, ಅಷ್ಟೊತ್ತಿಗೆ ಕಾಲು ಸೋತಿತ್ತು ಅನ್ನುತ್ತಾರೆ.

ಇವೆಲ್ಲ ನಗುವ ಸಂಗತಿಗಳು. ನಗಲಾಗದ್ದೊಂದು ನಡೆದದ್ದು ಕಳೆದ ಫೆಬ್ರವರಿಯ ಒಂದು ಮಧ್ಯಾಹ್ನ. ಆಸ್ಪತ್ರೆಗೆ ಹನುಮಂತಪ್ಪನೆಂಬ ರೈತ ಬೈಕಿನಲ್ಲಿ ಬಂದ. ಅವನ ಅತ್ತಿಗೆ ಗಂಗಮ್ಮನ ಎಮ್ಮೆ ಬೆಳಿಗ್ಗೆಯಿಂದ ಕರು ಹಾಕಲಾರದೆ ತಿಣುಕುತ್ತಿದೆ ಎಂದ. ಗಂಗಮ್ಮನನ್ನು ನಾನು ಬಲ್ಲೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಹೊಲ ಮಾಡಿಕೊಂಡು, ಆ ಎಮ್ಮೆಯನ್ನು ಕರುವಿನಿಂದ ಸಾಕಿ, ಗೌರಿ ಎಂದು ಹೆಸರಿಟ್ಟು, ಅದರ ಜೊತೆ ಮಾತನಾಡಿಕೊಂಡು ಬದುಕುವ ಹೆಂಗಸು. ಹನುಮಂತಪ್ಪ ತನ್ನ ಬೈಕಿನ ಹಿಂದೆಯೇ ಕೂರಲು ಹೇಳಿದ.

"ದಾರಿ ಸರಿ ಇಲ್ರಿ ಸರ. ನಿಮ್ ಕಾರು ಅಲ್ಲಿ ನಡಿಯಾಂಗಿಲ್ಲ."

ಆಸ್ಪತ್ರೆಯ ಹಿಂದೆ ನನ್ನ ಹಳೆಯ ಬೈಕೂ ಒಳ್ಳೆಯ ಸ್ಥಿತಿಯಲ್ಲೇ ನಿಂತಿತ್ತು. ಆದರೆ 'ನಡೆಯುವುದಿಲ್ಲ' ಎಂಬ ಮಾತು ನನಗೆ ಚುಚ್ಚಿತು. ಕಾರಿನಲ್ಲಾದರೆ ಬೇಗ ತಲುಪುತ್ತೇನೆ, ನೀನು ಮುಂದೆ ನಡಿ ಎಂದೆ. ಟಾರು ರಸ್ತೆಯಲ್ಲಿ ಸ್ಪೋರ್ಟ್ ಗುಂಡಿ ಒತ್ತಿ ಹನುಮಂತಪ್ಪನನ್ನು ಹಿಂದೆ ಹಾಕಿದೆ. ಆಮೇಲೆ ತಿರುವಿನಲ್ಲಿ ನಿಂತು ಅವನಿಗಾಗಿ ಕಾದೆ, ಏಕೆಂದರೆ ಹೊಲದ ದಾರಿ ನನಗೆ ಗೊತ್ತಿರಲಿಲ್ಲ.

ಅದು ಬಂಡಿ ದಾರಿ. ಗಾಲಿ ಓಡಾಡಿ ಎರಡು ಕಡೆ ತಗ್ಗು, ನಡುವೆ ಗಟ್ಟಿ ಮಣ್ಣಿನ ದಿಣ್ಣೆ. ನೂರು ಮಾರು ಹೋಗುವಷ್ಟರಲ್ಲಿ ಕಾರು ಆ ದಿಣ್ಣೆಯ ಮೇಲೆ ಹೊಟ್ಟೆಯೂರಿ ಕುಳಿತುಬಿಟ್ಟಿತು. ವೇಗ ಹೆಚ್ಚಿಸಿದೆ. ಮುಂದಿನ ಗಾಲಿಗಳು ಗರಗರ ತಿರುಗಿ ಧೂಳೆಬ್ಬಿಸಿದವೇ ಹೊರತು ಕಾರು ಬೆರಳಗಲವೂ ಸರಿಯಲಿಲ್ಲ. ಹಿಂದಕ್ಕೆ ತೆಗೆಯಲು ನೋಡಿದೆ, ಗಾಲಿಗೆ ಕಲ್ಲು ಕೊಟ್ಟೆ, ಹನುಮಂತಪ್ಪನಿಂದ ತಳ್ಳಿಸಿದೆ. ಹೀಗೆ ಕಾಲು ಗಂಟೆ ಹೋಯಿತು. ಆ ಕಾಲು ಗಂಟೆ ನಾನು ಕಾರಿನ ತಳದ ಆಯಿಲ್ ಚೇಂಬರು ಒಡೆದೀತೆಂದು ಚಿಂತಿಸುತ್ತಿದ್ದೆ. ಎಮ್ಮೆಯ ನೆನಪು ಮಾಡಿಕೊಟ್ಟವನು ಹನುಮಂತಪ್ಪ. ನನ್ನ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡು ಬೈಕು ಚಾಲೂ ಮಾಡಿದ. ನಾನು ಹಿಂದೆ ಹತ್ತಿದೆ.

ಗೌರಿ ಬೇವಿನ ಮರದಡಿ ಮಲಗಿಬಿಟ್ಟಿತ್ತು. ಗಂಗಮ್ಮ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಬಿಸಿ ನೀರು, ಸೋಪು, ಎಣ್ಣೆ ಎಲ್ಲ ಸಾಲಾಗಿ ಇಟ್ಟು ಕಾದಿದ್ದಳು, ನೀರು ಮಾತ್ರ ಆರಿತ್ತು. ಅಂಗಿ ಬಿಚ್ಚಿ, ಕೈಗೆ ಎಣ್ಣೆ ಸವರಿ ಒಳಗೆ ಹಾಕಿ ನೋಡಿದೆ. ಕರುವಿನ ಮುಂಗಾಲು ಎರಡೂ ದಾರಿಗೆ ಬಂದಿದ್ದವು, ತಲೆ ಮಾತ್ರ ಹಿಂದಕ್ಕೆ ಮಡಚಿಕೊಂಡಿತ್ತು. ಹಾಗೆಯೇ ಎಳೆದರೆ ತಾಯಿಯೂ ಉಳಿಯುವುದಿಲ್ಲ. ಎಮ್ಮೆ ತಿಣುಕುವುದು ನಿಂತಾಗಲೆಲ್ಲ ಕರುವನ್ನು ಒಳಕ್ಕೆ ನೂಕಿ, ಮೂತಿ ಹುಡುಕಿ, ಸಿಕ್ಕ ಮೂತಿ ಜಾರಿ, ಮತ್ತೆ ಹುಡುಕಿ... ಎಷ್ಟು ಹೊತ್ತಾಯಿತೋ ತಿಳಿಯದು. ತೋಳು ಮರಗಟ್ಟಿತು. ಕೊನೆಗೆ ಮೂತಿಯನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿದಾಗ ತಲೆ ನೇರವಾಯಿತು. ಕಾಲುಗಳಿಗೆ ಹಗ್ಗ ಹಾಕಿ, ಎಮ್ಮೆ ತಿಣುಕಿದಾಗ ಮಾತ್ರ ಎಳೆಯಲು ಹನುಮಂತಪ್ಪನಿಗೆ ಹೇಳಿದೆ. ಕರು ಜಾರಿ ಹೊರಬಿತ್ತು.

ಬಿತ್ತು, ಆದರೆ ಅಲುಗಾಡಲಿಲ್ಲ. ನಾಲಿಗೆ ಹೊರಗೆ ಚಾಚಿ ಒದ್ದೆ ಗೋಣಿಯಂತೆ ಬಿದ್ದಿತ್ತು. ಮೂಗಿನ ಲೋಳೆ ತೆಗೆದೆ, ಹಿಂಗಾಲು ಹಿಡಿದೆತ್ತಿದೆವು, ಒಣ ಹುಲ್ಲಿನಿಂದ ಎದೆ ಉಜ್ಜಿದೆ. ಉಜ್ಜುತ್ತಿರುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ಆ ಕಾಲು ಗಂಟೆ. ಇದು ಸತ್ತರೆ ಗಂಗಮ್ಮ ಹಣೆಬರಹ ಅನ್ನುತ್ತಾಳೆ. ಹಣೆಬರಹ ಬರೆದವನು ದಾರಿಯಲ್ಲಿ ಕೆಂಪು ಕಾರಿನ ಗಾಲಿಗೆ ಕಲ್ಲು ಕೊಡುತ್ತಿದ್ದ ಎಂದು ನನಗೊಬ್ಬನಿಗೆ ಗೊತ್ತಿರುತ್ತದೆ. ಒಂದು ಕಡ್ಡಿ ಹುಲ್ಲು ತೆಗೆದು ಕರುವಿನ ಮೂಗಿನೊಳಗೆ ಆಡಿಸಿದೆ. ಏನೂ ಇಲ್ಲ. ಮತ್ತೊಮ್ಮೆ ಆಡಿಸಿದೆ. ಕರು ಸೀನಿತು. ಸೀನಿದ ರಭಸಕ್ಕೆ ಅದರ ಮೂಗಿನಲ್ಲಿದ್ದದ್ದೆಲ್ಲ ನನ್ನ ಮುಖದ ಮೇಲೆ ಬಂತು. ಅಷ್ಟು ಹಿತವಾದ ಸ್ನಾನ ನಾನು ಯಾವ ಹೊಳೆಯಲ್ಲೂ ಮಾಡಿಲ್ಲ.

ಹೆಣ್ಣು ಕರು. ಗೌರಿ ತಿರುಗಿ ಅದನ್ನು ನೆಕ್ಕತೊಡಗಿದ ಮೇಲೆ ಗಂಗಮ್ಮ ಮೊದಲ ಬಾರಿಗೆ ನನ್ನ ಕಡೆ ನೋಡಿ, ಇಷ್ಟೊತ್ತು ಎಲ್ಲಿದ್ದಿರಿ ಎಂದು ಕೇಳಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕಾರು ಸಿಕ್ಕಿಕೊಂಡ ಕಥೆ ಹೇಳಿದೆ. ಆಕೆ ಎದ್ದು, ಕೈ ತೊಳೆದುಕೊಂಡು, ನೋಡೋಣ ನಡೀರಿ ಎಂದು ಹೊರಟೇಬಿಟ್ಟಳು. ಕಾರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ಕೆಳಗೆ ಇಣುಕಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಮ್ ಗೌರಿನೇ ಇದಕ್ಕಿಂತ ಬೇಸಿ ಐತ್ರಿ. ಇದರ ಹೊಟ್ಟಿ ಪೂರಾ ನೆಲಕ್ಕ ಹತ್ತೈತಿ."

ಹನುಮಂತಪ್ಪ ಟ್ರ್ಯಾಕ್ಟರು ತಂದ. ಅಕ್ಕಪಕ್ಕದ ಹೊಲದವರು ಹಾರೆ ತಂದರು. ಗಂಗಮ್ಮ ನಿಂತು ಹುಕುಂ ಕೊಟ್ಟಳು. ಎತ್ತುವವರು ಎತ್ತಿ, ಎಳೆಯುವವರು ಎಳೆದು, ನನ್ನ ಟರ್ಬೊ ಕಾರನ್ನು ಹಿಂದುಮುಂದಾಗಿ ಟಾರು ರಸ್ತೆಗೆ ಮುಟ್ಟಿಸಿದರು. ಚೇಂಬರು ಒಡೆದಿರಲಿಲ್ಲ. ಬಟ್ಟೆಯ ಸ್ಥಿತಿ ಹಾಗಿದ್ದುದರಿಂದ ಸೀಟಿನ ಮೇಲೆ ಗಂಗಮ್ಮನ ಗೋಣಿಚೀಲ ಹಾಸಿಕೊಂಡು ಹೊಸಪೇಟೆಗೆ ಬಂದೆ. ಶಾರದೆ ಬಾಗಿಲಲ್ಲೇ ನಿಲ್ಲಿಸಿ ಎಲ್ಲ ಕೇಳಿದಳು. ಬೆರಳು ಮಡಚಲಿಲ್ಲ. ಟಾರು ಮುಗಿದಲ್ಲಿಂದ ಮುಂದೆ ಕಾರು ಒಯ್ಯುವುದಿಲ್ಲ ಎಂದು ಮಾತು ತೆಗೆದುಕೊಂಡು ಒಳಗೆ ಬಿಟ್ಟಳು. ನಾನು ಸಂತೋಷದಿಂದಲೇ ಮಾತು ಕೊಟ್ಟೆ.

ನಾಲ್ಕನೆಯ ದಿನ ಗಂಗಮ್ಮ ಗಿಣ್ಣು ತಿನ್ನಲು ಹೇಳಿ ಕಳಿಸಿದಳು. ಕೊಟ್ಟ ಮಾತಿನಂತೆ ಹಳೆಯ ಬೈಕು ಹತ್ತಿ ಹೋದೆ. ಬಂಡಿ ದಾರಿಗೆ ತಿರುಗಿದವನಿಗೆ ದಾರಿ ತಪ್ಪಿತೇನೋ ಅನ್ನಿಸಿತು. ನಡುವಿನ ದಿಣ್ಣೆಯೇ ಇಲ್ಲ. ಗೌರಿಯ ಬೇವಿನ ಮರದವರೆಗೂ ಮಣ್ಣು ಸಮ ಮಾಡಿ, ನೀರು ಹೊಡೆದು, ಎರಡೂ ಅಂಚಿಗೆ ಕಲ್ಲು ಕೂರಿಸಿದ್ದರು. ಗಂಗಮ್ಮ ಹೊಸ ಸೀರೆಯುಟ್ಟು ಮುಂದೆಯೇ ನಿಂತಿದ್ದಳು. ಅವಳ ಜೊತೆ ಆವತ್ತು ಹಾರೆ ಹಿಡಿದವರೆಲ್ಲ ಇದ್ದರು. ಅವರು ನನ್ನ ಹಿಂದೆ, ರಸ್ತೆಯ ಕಡೆಗೆ ನೋಡುತ್ತಿದ್ದರು.

"ಕಾರು ಎಲ್ರಿ?" ಎಂದಳು ಗಂಗಮ್ಮ. "ಎರಡು ದಿನ ಹಿಡಿದು ದಾರಿ ಹಸನ ಮಾಡೀವಿ, ನೀವು ನೋಡಿದ್ರ ಬೈಕ್ ಮ್ಯಾಲೆ ಬಂದೀರಿ."

ಸರ್ವೀಸಿಗೆ ಬಿಟ್ಟಿದ್ದೇನೆ ಎಂದೆ. ಗಿಣ್ಣು ಬೆಲ್ಲ ಏಲಕ್ಕಿ ಹಾಕಿ ಬಲು ಚೆನ್ನಾಗಿ ಮಾಡಿದ್ದಳಂತೆ. ನನಗೆ ರುಚಿ ತಿಳಿಯಲಿಲ್ಲ. ಇಂಥ ಹೊಲದ ದಾರಿಗಳಿಗಾಗಿ ನಾನೇ ಎಷ್ಟು ವರ್ಷ ಪಂಚಾಯಿತಿಗೆ ಅರ್ಜಿ ಬರೆದಿದ್ದೆನೋ ಲೆಕ್ಕವಿಲ್ಲ, ದನಗಳ ಆರೋಗ್ಯ, ರೈತರ ಅನುಕೂಲ ಎಂದೆಲ್ಲ. ಈಗ ನನ್ನ ಕಾರಿನ ಹೊಟ್ಟೆಯ ಅನುಕೂಲಕ್ಕೆ ಜನ ತಾವೇ ದಾರಿ ಮಾಡಿ ಕಾದಿದ್ದಾರೆ, ನಾನು ಸುಳ್ಳು ಹೇಳಿ ಗಿಣ್ಣು ತಿನ್ನುತ್ತಿದ್ದೇನೆ.

ಸಂಜೆ ಶಾರದೆಗೆ ಒಪ್ಪಿಸಿದೆ. ಆಕೆ ತಿದ್ದುತ್ತಿದ್ದ ಉತ್ತರಪತ್ರಿಕೆಗಳನ್ನು ಪಕ್ಕಕ್ಕಿಟ್ಟಳು. ಆಮೇಲೆ, "ಅವ್ರು ಅಷ್ಟು ಮಾಡ್ಯಾರಂದ್ರ ಹೋಗಬೇಕ್ರಿ. ನಾನೂ ಬರ್ತೀನಿ" ಎಂದಳು.

ಭಾನುವಾರ ಕಾರು ತೊಳೆದು ಇಬ್ಬರೂ ಹೋದೆವು. ಗಂಗಮ್ಮ ಕಾರಿನ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಬರ್ರಿ, ಬರ್ರಿ, ಎಡಕ್ಕ, ಸಾಕು ಎಂದು ಎರಡೂ ಕೈಯಲ್ಲಿ ದಾರಿ ತೋರಿಸಿದಳು. ಅಂಚಿನ ಕಲ್ಲು ಬಾಗಿಲಿಗೆ ತಾಗೀತೆಂಬ ಭಯದಲ್ಲಿ ನಾನು ಸ್ಟೀರಿಂಗು ತಬ್ಬಿಕೊಂಡು ಮೊದಲ ಗೇರಿನಲ್ಲಿ ಇರುವೆಯಂತೆ ಹರಿದೆ. ಅಷ್ಟರಲ್ಲಿ ಶಾರದೆ ನನ್ನ ತೋಳು ತಟ್ಟಿ, ಹಿಂದೆ ಯಾರೋ ಬರ್ತಿದ್ದಾರೆ, ಜಾಗ ಬಿಡಿ ಎಂದಳು. ಕನ್ನಡಿಯಲ್ಲಿ ನೋಡಿದರೆ, ಹಳ್ಳದಲ್ಲಿ ನೀರು ಕುಡಿದು ಮನೆಗೆ ಹೊರಟಿದ್ದ ಗೌರಿ. ಅದು ಒಂದೆರಡು ಗಳಿಗೆ ಡಿಕ್ಕಿಯ ರೆಕ್ಕೆಯನ್ನು ಮೂಸಿ, ಬೇಸತ್ತು, ಬಲಗಡೆಯಿಂದ ನಮ್ಮನ್ನು ದಾಟಿ ಹೋಯಿತು. ಹಿಂದೆಯೇ ಕರು. ಲೋಕಕ್ಕೆ ಬಂದು ಅದಕ್ಕಿನ್ನೂ ವಾರ ಕಳೆದಿತ್ತಷ್ಟೆ, ಕಾಲುಗಳು ಇನ್ನೂ ಒಂದಕ್ಕೊಂದು ತೊಡರುತ್ತಿದ್ದವು. ಅದೂ ನನ್ನನ್ನು ಓವರ್‌ಟೇಕ್ ಮಾಡಲು ಹೊರಟಿತು. ನಾನು ಹಾರ್ನ್ ಹೊಡೆಯಲಿಲ್ಲ. ಎಡಕ್ಕೆ ಸರಿದು ದಾರಿ ಕೊಟ್ಟೆ.